ಇಮಾನ ಬರೋದು ಖರೆ, ಬಾಡಿಗಿ ಕೊಡೋರು ಯಾರು?

ಯರಮರಸಿನಲ್ಲಿ ವಿಮಾನ ಇಳೀತದಂತೆ ಎಂಬ ಮಾತು ಸಿಂಧನೂರಿನ ಗಾಂಧಿ ಸರ್ಕಲಿನಿಂದ ಹಿಡಿದು ಲಿಂಗಸುಗೂರಿನ ಬಸ್‌ಸ್ಟ್ಯಾಂಡ್ ತನಕ ಹರಿದಾಡಲು ಶುರುವಾಗಿ ಬಹಳ ದಿನವಾಯಿತು. ರಾಯಚೂರು ನಗರದ ಮಗ್ಗುಲಿಗೆ ಸುಮಾರು 400 ಎಕರೆ ಜಾಗದಲ್ಲಿ ವಿಮಾನ ನಿಲ್ದಾಣ ಮಾಡಲು ರಾಜ್ಯ ಸರಕಾರ ಹೊರಟಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಕ್ಕಿ ಮಿಲ್ಲಿನ ಮಾಲಕರು ಈಗಾಗಲೇ ಲೆಕ್ಕ ಹಾಕಿದ್ದಾರೆ: ಮುಂಜಾನೆ ಬೆಂಗಳೂರಿಗೆ ಹೋಗಿ ಸಂಜಿಗೆ ವಾಪಸ್ ಬಂದು ಮನ್ಯಾಗ ಊಟ ಮಾಡಬಹುದು. ಹಟ್ಟಿಯ ಚಿನ್ನ ನೋಡಲು ಪರದೇಶದವರು ಬರುತ್ತಾರೆ ಎನ್ನುವವರೂ ಇದ್ದಾರೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೋಡಲು ಜಪಾನಿನವರು ಸಾಲು ಹಚ್ಚುತ್ತಾರೆ ಎನ್ನುವವರಿಗೂ ಕೊರತೆಯಿಲ್ಲ. (ಶಾಸನದ ಗುಡ್ಡಕ್ಕೆ ಬಸ್‌ಸ್ಟ್ಯಾಂಡಿನಿಂದ ದಾರಿ ಯಾವುದೆಂದು ತೋರಿಸುವುದು ಮೊದಲು ನೆಟ್ಟಗಾಗಲಿ, ಜಪಾನಿನವರ ಮಾತು ಆಮೇಲೆ.)

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸುವುದು ತಪ್ಪೇನಲ್ಲ. ಆದರೆ ಕೂಸಿಗೆ ಹಾಲು ಎಲ್ಲಿಂದ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುತ್ತಿಲ್ಲ. ನಿಲ್ದಾಣ ಯಾವಾಗ ಮುಗೀತದ, ರನ್‌ವೇ ಎಷ್ಟು ಉದ್ದ, ಹೆಸರು ಯಾರದಿಡ್ತಾರ, ಇವೆಲ್ಲ ಚರ್ಚೆಯಾಗಿವೆ. ಅಲ್ಲಿ ವಿಮಾನ ಇಳಿಸುವ ಕಂಪನಿ ಯಾವ ಕರಾರಿನ ಮೇಲೆ ಬರುತ್ತದೆ, ಬಂದ ಮೇಲೆ ಎಷ್ಟು ದಿನ ಇರುತ್ತದೆ, ಎದ್ದು ಹೋದರೆ ಗಂಟು ಯಾರದು ಹೋಗುತ್ತದೆ? ಇದನ್ನು ಕೇಳಿದವರು ಕಡಿಮೆ.

ಕೇಳಬೇಕು ಯಾಕೆಂದರೆ ಪಕ್ಕದ ಊರುಗಳ ಕಥೆ ಕಣ್ಣ ಮುಂದಿದೆ.

ಬೀದರಿನ ಪಾಠ

ಬೀದರಿಗೆ 2020ರ ಫೆಬ್ರವರಿ 7ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಉದ್ಘಾಟನೆ ಮಾಡಿದರು. ಹಾರಿಸಿದ್ದು ಟ್ರೂಜೆಟ್ ಎಂಬ ಹೈದರಾಬಾದಿನ ಕಂಪನಿ. ತೆಲುಗು ನಟ ರಾಮ್ ಚರಣ್ ಅದರ ಪ್ರಚಾರಕ್ಕೆ ನಿಂತಿದ್ದರಿಂದ ಈ ಕಡೆಯ ಹುಡುಗರಿಗೂ ಹೆಸರು ಗೊತ್ತಿತ್ತು. 2022ರ ಹೊತ್ತಿಗೆ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. ಅದೇ ವರ್ಷ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ಬೀದರನ್ನು ಬಿಟ್ಟಿತು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೀದರಿನ ಟರ್ಮಿನಲ್ಲಿಗೆ ಪ್ರಯಾಣಿಕರ ವಿಮಾನ ಬರಲಿಲ್ಲ. ಗೋಡೆಗೆ ಹಚ್ಚಿದ ಬಣ್ಣ ಹೊಸದು, ಒಳಗೆ ಮಂದಿ ಇಲ್ಲ. ರಾಜ್ಯ ಸರಕಾರ ತನ್ನ ಬೊಕ್ಕಸದಿಂದ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲಿನಲ್ಲಿ ಹಾರಾಟ ಮತ್ತೆ ಶುರುವಾಯಿತು.

ಸಿಂಧನೂರಿಗೆ ಇನ್ನೂ ಹತ್ತಿರದ ಉದಾಹರಣೆ ತೋರಣಗಲ್ಲಿನದು. ಅಲ್ಲಿಯ ವಿದ್ಯಾನಗರ ನಿಲ್ದಾಣ ಉಕ್ಕಿನ ಕಾರ್ಖಾನೆಯವರ ಸ್ವಂತದ್ದು. 2017ರ ಸೆಪ್ಟೆಂಬರಿನಲ್ಲಿ ಇದೇ ಟ್ರೂಜೆಟ್ ಅಲ್ಲಿಂದ ಹೈದರಾಬಾದ್, ಬೆಂಗಳೂರಿಗೆ ಹಾರಿಸಿತು. ಹೊಸಪೇಟೆ, ಬಳ್ಳಾರಿ, ಗಂಗಾವತಿ, ಸಿಂಧನೂರಿನ ವ್ಯಾಪಾರಸ್ಥರು ಹತ್ತಿ ಇಳಿದರು. ಕಂಪನಿ ಕೈ ಎತ್ತಿದಾಗ ಅವರೆಲ್ಲ ಮತ್ತೆ ಸ್ಲೀಪರ್ ಬಸ್ಸಿಗೆ ಬಂದರು. ನಿಲ್ದಾಣದ ಮಾಲಕರಿಗೆ ಅದರಿಂದ ದೊಡ್ಡ ತೊಂದರೆಯಾಗಲಿಲ್ಲ. ಅವರಿಗೆ ನಿಲ್ದಾಣ ಬೇಕಾದದ್ದು ಕಾರ್ಖಾನೆಯ ಕೆಲಸಕ್ಕೆ. ಯರಮರಸಿನಲ್ಲಿ ಹಾಗಲ್ಲ. ಅಲ್ಲಿ ಮಾಲಕ ಎಂದರೆ ಸರಕಾರ, ಅಂದರೆ ಜನ.

ಎಲ್ಲ ಕಡೆ ಹೀಗೇ ಆಗಿದೆ ಎಂದಲ್ಲ. ಶಿವಮೊಗ್ಗದಲ್ಲಿ 2023ರ ಫೆಬ್ರವರಿಯಲ್ಲಿ ನಿಲ್ದಾಣ ಉದ್ಘಾಟನೆಯಾಗಿ ಆಗಸ್ಟ್ 31ರಂದು ಮೊದಲ ವಿಮಾನ ಬಂತು. ಅದನ್ನು ನಡೆಸುವುದು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರವಲ್ಲ, ರಾಜ್ಯ ಸರಕಾರದ್ದೇ ಕೈಗಾರಿಕಾ ಮೂಲಸೌಕರ್ಯ ನಿಗಮ. ಆರು ತಿಂಗಳು ಕಟ್ಟಡ ಕಂಪನಿಯ ದಾರಿ ಕಾದಿತ್ತು ಎಂಬುದನ್ನೂ ಗಮನಿಸಬೇಕು. ರಿಬ್ಬನ್ ಕತ್ತರಿಸುವುದು ಸರಕಾರದ ಕೈಲಿದೆ. ವಿಮಾನ ತರುವುದು ಅದರ ಕೈಲಿಲ್ಲ.

ಡ್ರೈವರಿಗೆ ಪುಕ್ಕಟೆ ಊಟ

ವಿಮಾನ ಕಂಪನಿಗೂ ನಿಲ್ದಾಣಕ್ಕೂ ಇರುವ ಸಂಬಂಧ ಬಸ್ಸಿನಲ್ಲಿ ಓಡಾಡುವವರಿಗೆ ಹೊಸದಲ್ಲ. ರಾತ್ರಿ ಬೆಂಗಳೂರಿಗೆ ಹೋಗುವ ಖಾಸಗಿ ಬಸ್ಸು ಹೆದ್ದಾರಿಯಲ್ಲಿ ಯಾವುದೋ ಒಂದು ಹೋಟೆಲಿನ ಮುಂದೆ ನಿಲ್ಲುತ್ತದೆ. ಡ್ರೈವರ್, ಕ್ಲೀನರಿಗೆ ಒಳಗೆ ಬೇರೆ ಮೇಜು, ಪುಕ್ಕಟೆ ಊಟ. ಹೋಟೆಲಿನವನೇನು ಧರ್ಮರಾಯನಲ್ಲ. ಡ್ರೈವರ್ ತಂದು ಇಳಿಸಿದ ನಲವತ್ತು ಮಂದಿ ಚಹಾ ಕುಡೀತಾರ, ಬಿಸ್ಕೀಟು ಕೊಳ್ಳುತ್ತಾರ, ಅದರಲ್ಲಿ ಡ್ರೈವರನ ಊಟದ ಖರ್ಚು ಹುಟ್ಟಿ ಮೇಲೆ ಲಾಭವೂ ಉಳೀತದ. ಹೆದ್ದಾರಿಯಲ್ಲಿ ಹತ್ತು ಹೋಟೆಲಿದ್ದರೆ ಡ್ರೈವರನ ಮರ್ಯಾದಿ ಹೆಚ್ಚು. ಒಂದೇ ಹೋಟೆಲಿದ್ದರೆ ಹೋಟೆಲಿನವನ ದರ್ಬಾರು. ಡ್ರೈವರಿಗೂ ಬಿಲ್ಲು, ಪ್ರಯಾಣಿಕರಿಗೆ ತಣ್ಣನೆ ಇಡ್ಲಿ ದುಪ್ಪಟ್ಟು ರೇಟು.

ವಿಮಾನ ನಿಲ್ದಾಣದ ಗಲ್ಲಾಪೆಟ್ಟಿಗೆಗೆ ಎರಡು ಕಡೆಯಿಂದ ರೊಕ್ಕ ಬರುತ್ತದೆ. ಒಂದು ವಿಮಾನದಿಂದ: ಇಳಿಯುವ ಶುಲ್ಕ, ನಿಲ್ಲುವ ಶುಲ್ಕ, ಮತ್ತು ಪ್ರಯಾಣಿಕನ ಟಿಕೇಟಿನಲ್ಲೇ ಸೇರಿಸಿ ವಸೂಲು ಮಾಡುವ ಬಳಕೆದಾರರ ಅಭಿವೃದ್ಧಿ ಶುಲ್ಕ. ಇನ್ನೊಂದು ಅಂಗಡಿ ಬಾಡಿಗೆ, ಕಾರು ನಿಲ್ಲಿಸುವ ಜಾಗ, ಜಾಹೀರಾತು ಹಲಗೆ, ಹೋಟೆಲು. ಬೆಂಗಳೂರಿನಂಥ ಊರಿನಲ್ಲಿ ನಿಲ್ದಾಣ ಒಂದೇ. ಅಲ್ಲಿ ಅದರದೇ ದರ್ಬಾರು. ರಾಯಚೂರಿನಂಥ ಊರಿನಲ್ಲಿ ವಿಮಾನ ಕಂಪನಿಯ ದರ್ಬಾರು. ಅದಕ್ಕೆ ಇಲ್ಲಿ ಇಳಿಯದಿದ್ದರೆ ಕಲಬುರಗಿ, ಅದೂ ಬೇಡವೆಂದರೆ ಹುಬ್ಬಳ್ಳಿ, ನಾಂದೇಡ. ಇಳಿಸಿಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ. ಒಂದೇ ದೇಶ, ಒಂದೇ ವ್ಯವಹಾರ, ಆದರೆ ಎರಡು ಕಡೆ ತಕ್ಕಡಿ ಉಲ್ಟಾ.

ದೊಡ್ಡ ನಿಲ್ದಾಣದ ದರ್ಬಾರಿಗೆ ಮೂಗುದಾರ ಹಾಕಲು ಕೇಂದ್ರ ಸರಕಾರ 2008ರಲ್ಲಿ ಒಂದು ಕಾನೂನು ತಂದು 2009ರಲ್ಲಿ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರವನ್ನು ನೇಮಿಸಿತು. ಎ.ಪಿ.ಎಂ.ಸಿ.ಯಲ್ಲಿ ಅಡತಿ ಅಂಗಡಿಯವರು ಎಷ್ಟು ದಲಾಲಿ ಹಿಡಿಯಬಹುದು ಎಂದು ಕಾನೂನು ಹೇಳುತ್ತದಲ್ಲ, ಹಾಗೆ ದೊಡ್ಡ ನಿಲ್ದಾಣ ವಿಮಾನದಿಂದ, ಪ್ರಯಾಣಿಕನಿಂದ ಎಷ್ಟು ಹಿಡಿಯಬಹುದು ಎಂಬುದನ್ನು ಈ ಪ್ರಾಧಿಕಾರ ಐದೈದು ವರ್ಷಕ್ಕೆ ತೀರ್ಮಾನಿಸುತ್ತದೆ. ಮೊದಲು ವರ್ಷಕ್ಕೆ 15 ಲಕ್ಷ ಪ್ರಯಾಣಿಕರಿದ್ದರೆ ದೊಡ್ಡ ನಿಲ್ದಾಣ ಎಂಬ ಲೆಕ್ಕವಿತ್ತು. 2019ರಲ್ಲಿ ಅದನ್ನು 35 ಲಕ್ಷಕ್ಕೆ ಏರಿಸಿದರು. ಯರಮರಸ್ ಆ ಹೊಸ್ತಿಲು ತುಳಿಯುವುದು ಮೊಮ್ಮಕ್ಕಳ ಕಾಲಕ್ಕೂ ಅನುಮಾನ. ಸಣ್ಣ ನಿಲ್ದಾಣಗಳ ಶುಲ್ಕದ ಮಾತು ಕೇಂದ್ರದ ನಾಗರಿಕ ವಿಮಾನಯಾನ ಸಚಿವಾಲಯದ ಕಡತದಲ್ಲಿ ನಡೆಯುತ್ತದೆ. ದೊಡ್ಡ ನಿಲ್ದಾಣದ ದರ ತೀರ್ಮಾನವಾಗುವಾಗ ಪ್ರಾಧಿಕಾರ ಕಾಗದಪತ್ರ ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ. ಸಣ್ಣ ಊರಿನ ಕರಾರಿಗೆ ಅಂಥ ಬಹಿರಂಗ ವಿಚಾರಣೆಯಿಲ್ಲ. ಅಸಲಿ ತೊಡಕು ಇರುವುದೇ ಇಲ್ಲಿ.

ಒಂದು ಗಲ್ಲೆಯೋ ಎರಡು ಗಲ್ಲೆಯೋ

ದೊಡ್ಡ ಊರಿನ ಜಗಳ ಏನೆಂದು ತಿಳಿಯದೆ ಸಣ್ಣ ಊರಿನ ಜಗಳ ತಿಳಿಯುವುದಿಲ್ಲ.

ಮಸ್ಕಿಯ ಬಸ್‌ಸ್ಟ್ಯಾಂಡನ್ನು ಒಬ್ಬ ಗುತ್ತೇದಾರನಿಗೆ ವಹಿಸಿದ್ದಾರೆ ಎಂದು ಸುಮ್ಮನೆ ಅಂದುಕೊಳ್ಳೋಣ. ಪ್ರತಿ ಬಸ್ಸಿನಿಂದ ಪ್ರವೇಶ ಶುಲ್ಕ ಎತ್ತಿಕೊಳ್ಳಬಹುದು. ಜೊತೆಗೆ ಬೀಡಾ ಅಂಗಡಿ, ಹಣ್ಣಿನ ಅಂಗಡಿ, ಸೈಕಲ್ ಸ್ಟ್ಯಾಂಡಿನ ಬಾಡಿಗೆಯೂ ಅವನದೇ. ಬಸ್ಸಿನ ಶುಲ್ಕ ನಿಗದಿ ಮಾಡುವ ಅಧಿಕಾರಿ, "ಅಂಗಡಿ ಬಾಡಿಗಿ ಪೂರಾ ಲೆಕ್ಕಕ್ಕೆ ಹಿಡಿ, ಖರ್ಚಿಗೆ ಕಡಿಮಿ ಬಿದ್ದಷ್ಟು ಮಾತ್ರ ಬಸ್ಸಿನಿಂದ ಎತ್ತು" ಎಂದರೆ ಅದು ಒಂದೇ ಗಲ್ಲೆಯ ಪದ್ಧತಿ. ಬಸ್ಸಿನವನಿಗೆ ಖುಷಿ, ಟಿಕೇಟು ಅಗ್ಗ. "ಅಂಗಡಿ ನನ್ನ ಜಾಣತನದ ಸಂಪಾದನಿ, ಅದಕ್ಕೆ ಕೈ ಹಾಕಬ್ಯಾಡ್ರಿ" ಎಂದು ಗುತ್ತೇದಾರ ಗೆದ್ದರೆ ಅದು ಎರಡು ಗಲ್ಲೆಯ ಪದ್ಧತಿ. ಆಗ ಬಸ್‌ಸ್ಟ್ಯಾಂಡಿನ ಖರ್ಚೆಲ್ಲ ಬಸ್ಸಿನ ಮೇಲೆ, ಬಸ್ಸಿನಿಂದ ಪ್ರಯಾಣಿಕನ ಮೇಲೆ.

ಪ್ರಾಧಿಕಾರ 2011ರಲ್ಲಿ ಒಂದೇ ಗಲ್ಲೆ ಎಂದಿತು. ಖಾಸಗಿ ನಿಲ್ದಾಣದವರು ಒಪ್ಪಲಿಲ್ಲ, ಮೇಲ್ಮನವಿ, ಕೋರ್ಟು ಎಲ್ಲ ಆಯಿತು. ಕೊನೆಗೆ 2016ರ ರಾಷ್ಟ್ರೀಯ ವಿಮಾನಯಾನ ನೀತಿಯಲ್ಲಿ ನಡುವಿನ ದಾರಿ ಹಿಡಿದರು: ಅಂಗಡಿ ಮುಂತಾದವುಗಳ ಆದಾಯದಲ್ಲಿ 30 ಪಾಲನ್ನು ಪ್ರಯಾಣಿಕನ ಲೆಕ್ಕಕ್ಕೆ ಜಮಾ ಮಾಡಬೇಕು, ಉಳಿದ 70 ನಿಲ್ದಾಣದವರಿಗೆ. ಈ ನೂರರ ಲೆಕ್ಕವನ್ನು ದಿಲ್ಲಿಯಲ್ಲಿ ಯಾರೋ ಬರೆದರು, ಅದರ ಫಲ ಮಾತ್ರ ಬೆಂಗಳೂರಿನಲ್ಲಿ ವಿಮಾನ ಹತ್ತುವ ಸಿಂಧನೂರಿನ ಹುಡುಗನ ಟಿಕೇಟಿನಲ್ಲಿದೆ.

ಬೆಂಗಳೂರಿನ ಕರಾರು ಇನ್ನೊಂದು ಕಾರಣಕ್ಕೆ ಓದಬೇಕಾದದ್ದು. 2004ರ ಜುಲೈನಲ್ಲಿ ಕೇಂದ್ರ ಸರಕಾರ ದೇವನಹಳ್ಳಿಯ ನಿಲ್ದಾಣ ಕಟ್ಟುವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಮೂವತ್ತು ವರ್ಷದ ಕರಾರು, ಬೇಕೆಂದರೆ ಇನ್ನೂ ಮೂವತ್ತು ವರ್ಷ. ಹೊಸ ನಿಲ್ದಾಣ ತೆರೆದರೆ ಹಳೆಯ ಎಚ್.ಎ.ಎಲ್. ನಿಲ್ದಾಣಕ್ಕೆ ಸಾರ್ವಜನಿಕ ವಿಮಾನಗಳು ಬರಕೂಡದು ಎಂದು ಅದರಲ್ಲಿತ್ತು. 150 ಕಿಲೋಮೀಟರ್ ಸುತ್ತಳತೆಯಲ್ಲಿ 25 ವರ್ಷದ ತನಕ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶ ಕೊಡಬಾರದು ಎಂದೂ ಇತ್ತು. 2008ರ ಮೇ 24ರಂದು ಹೊಸ ನಿಲ್ದಾಣ ತೆರೆಯಿತು, ಹಳೆಯದು ಮುಚ್ಚಿತು. ಊರ ನಡುವಿನ ನಿಲ್ದಾಣ ಉಳಿಸಿ ಎಂದು ಬೆಂಗಳೂರಿನವರು ಹೈಕೋರ್ಟಿನ ತನಕ ಹೋದರು, ಮೆರವಣಿಗೆ ಮಾಡಿದರು. ಕರಾರಿಗೆ ಸಹಿ ಬಿದ್ದು ನಾಲ್ಕು ವರ್ಷವಾಗಿತ್ತು. ಆಗ ಕೂಗಿ ಉಪಯೋಗವಾಗಲಿಲ್ಲ. ಆ ನಿಲ್ದಾಣಕ್ಕೆ 2024-25ರಲ್ಲಿ ನಾಲ್ಕು ಕೋಟಿಗೂ ಮಿಕ್ಕಿ ಮಂದಿ ಬಂದು ಹೋಗಿದ್ದಾರೆ ಎಂದರೆ ಕರಾರಿನ ತೂಕ ಗೊತ್ತಾದೀತು.

ಹೈದರಾಬಾದಿಗೂ ಇಂಥದೇ 150 ಕಿಲೋಮೀಟರಿನ ಶರತ್ತಿದೆ. ಬೀದರ್ ಅದರೊಳಗೆ ಬರುತ್ತದೆ. ಕರ್ನಾಟಕದ ಊರಿನಲ್ಲಿ ಕರ್ನಾಟಕದವರು ವಿಮಾನ ಹತ್ತಬೇಕಾದರೆ ಹೈದರಾಬಾದ್ ನಿಲ್ದಾಣ ನಡೆಸುವ ಜಿ.ಎಂ.ಆರ್. ಕಂಪನಿಯ ಒಪ್ಪಿಗೆ ಬೇಕಾಯಿತು. ಕೊನೆಗೆ ಬೀದರ್ ಟರ್ಮಿನಲ್ ನಡೆಸುವ ಹೊಣೆಯೂ ಅದೇ ಕಂಪನಿಯವರಿಗೇ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿಯ ಬಾಗಿಲಲ್ಲಿ ಕಾಯಬೇಕಾದದ್ದು ಹೀಗೆ.

ಮೂರು ವರ್ಷದ ಮಾವನ ಮನೆ

ಸಣ್ಣ ಊರಿಗೆ ವಿಮಾನ ಹೋಗಲಿ ಎಂದು ಕೇಂದ್ರ ಸರಕಾರ 2016ರ ಅಕ್ಟೋಬರಿನಲ್ಲಿ ಉಡಾನ್ ಯೋಜನೆ ಹೊರಡಿಸಿತು. ಇದರ ಒಳಗುಟ್ಟು ತಿಳಿಯಲು ರಾಜ್ಯದ ಶಕ್ತಿ ಯೋಜನೆ ನೆನೆಸಿಕೊಂಡರೆ ಸಾಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಸೊನ್ನೆ ಟಿಕೇಟು. ಆ ಟಿಕೇಟಿನ ರೊಕ್ಕವನ್ನು ಸರಕಾರ ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕು. ಉಡಾನ್‌ನಲ್ಲೂ ಅಷ್ಟೇ. ವಿಮಾನದ ಅರ್ಧ ಸೀಟು, ಹೆಚ್ಚೆಂದರೆ 40, ಮಿತಿ ಹಾಕಿದ ದರಕ್ಕೆ ಕೊಡಬೇಕು. ಶುರುವಿನಲ್ಲಿ ಒಂದು ತಾಸಿನ ಹಾರಾಟಕ್ಕೆ ಈ ದರ 2,500 ರೂಪಾಯಿ ಆಸುಪಾಸು ಇತ್ತು. ಖರ್ಚಿಗೂ ದರಕ್ಕೂ ನಡುವಿನ ಅಂತರವನ್ನು ಸರಕಾರ ಕೊಡುತ್ತದೆ. ಯಾರು ಕಡಿಮೆ ಕೇಳುತ್ತಾರೋ ಆ ಕಂಪನಿಗೆ ಮಾರ್ಗ. ಆ ಮಾರ್ಗದಲ್ಲಿ ಮೂರು ವರ್ಷ ಬೇರೆಯವರಿಗೆ ಪ್ರವೇಶವಿಲ್ಲ.

ಅಷ್ಟೇ ಅಲ್ಲ. ನಿಲ್ದಾಣ ಈ ವಿಮಾನಗಳಿಂದ ಇಳಿಯುವ ಶುಲ್ಕ, ನಿಲ್ಲುವ ಶುಲ್ಕ ತಗೊಳ್ಳುವಂತಿಲ್ಲ. ರಾಜ್ಯ ಸರಕಾರ ಪೊಲೀಸು, ಅಗ್ನಿಶಾಮಕ ದಳವನ್ನು ಪುಕ್ಕಟೆ ಕೊಡಬೇಕು, ಕರೆಂಟು, ನೀರು ರಿಯಾಯತಿಯಲ್ಲಿ ಕೊಡಬೇಕು, ವಿಮಾನದ ಎಣ್ಣೆಯ ಮೇಲಿನ ಮಾರಾಟ ತೆರಿಗೆಯನ್ನು ಹತ್ತು ವರ್ಷ ಒಂದು ಪರ್ಸೆಂಟಿಗೆ ಇಳಿಸಬೇಕು. ಕೊರತೆಯ ರೊಕ್ಕದಲ್ಲಿ ಕೇಂದ್ರದ ಪಾಲು 80, ರಾಜ್ಯದ್ದು 20. ಕೇಂದ್ರದ ಪಾಲಿಗೆ ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಒಂದು ಕಪ್ಪ ಹಾಕಿದ್ದಾರೆ. ದೊಡ್ಡ ಕಂಪನಿಗಳು ಇದು ಅನ್ಯಾಯವೆಂದು ದಿಲ್ಲಿ ಹೈಕೋರ್ಟಿಗೂ ಹೋದವು. ಅಂತೂ ಬೆಂಗಳೂರಿನಿಂದ ದಿಲ್ಲಿಗೆ ಹೋಗುವವನ ಜೇಬಿನ ಚಿಲ್ಲರೆ ಬೀದರಿಗೆ ಹೋಗುವವನ ಸೀಟಿಗೆ ಬರುತ್ತದೆ. ಹಿಂದುಳಿದ ಜಿಲ್ಲೆಯವರು ಇದಕ್ಕೆ ಬೇಡ ಎನ್ನಬೇಕಾದ ಕಾರಣವಿಲ್ಲ.

ಬೇಡವೆನ್ನಬೇಕಾದದ್ದು ಮೂರು ವರ್ಷದ ಆಚೆಗಿನ ಕುರುಡುತನಕ್ಕೆ. ಸುಮ್ಮನೆ ಒಂದು ಲೆಕ್ಕ ಹಾಕಿ. 50 ಸೀಟಿನ ವಿಮಾನ. ಸೀಟಿಗೆ ಕಂಪನಿಯ ಖರ್ಚು 5,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಹಾರಾಟಕ್ಕೆ ಎರಡೂವರೆ ಲಕ್ಷ. 25 ಸೀಟು 2,500ರಂತೆ ತುಂಬಿದರೆ 62,500. ಅಷ್ಟೇ ಮೊತ್ತವನ್ನು ಸರಕಾರ ತುಂಬಿತು ಎನ್ನೋಣ, ಒಟ್ಟು 1,25,000. ಉಳಿದ 25 ಸೀಟು ಐದೈದು ಸಾವಿರಕ್ಕೆ ಪೂರ್ತಿ ಹೋದರೆ ಲೆಕ್ಕ ಸಮ. ಹನ್ನೆರಡೇ ಸೀಟು ಹೋದರೆ ಬರುವುದು 60,000, ಒಂದು ಹಾರಾಟಕ್ಕೆ 65,000 ಹಾನಿ. ಇದು ಸರಕಾರದ ರೊಕ್ಕ ಬರುತ್ತಿರುವಾಗಿನ ಮಾತು. ಮೂರು ವರ್ಷ ಮುಗಿದ ಮರುದಿನ ಐವತ್ತೂ ಸೀಟು ಪೂರಾ ದರಕ್ಕೆ ಹೋಗಬೇಕು. ಮದುವೆ ಸೀಜನ್ನಿನಲ್ಲಿ ಹೋದಾವು. ಮಳೆಗಾಲದ ಮಂಗಳವಾರ?

ಮಹಾಲೇಖಪಾಲರ 2023ರ ವರದಿ ಈ ಯೋಜನೆಯ ಹಣೆಬರಹ ಓದಿ ಹೇಳಿದೆ. ಯೋಜನೆಯ ಮೂರನೇ ಸುತ್ತಿನ ತನಕ ಹಂಚಿದ ಮಾರ್ಗ 774. ಅದರಲ್ಲಿ 403ರಲ್ಲಿ ವಿಮಾನ ಹಾರಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಮೂರು ವರ್ಷ ದಾಟಿ 2023ರ ಮಾರ್ಚಿನ ತನಕ ಉಳಿದದ್ದು 54. ನೂರು ಮಾರ್ಗ ಕೊಟ್ಟರೆ ಏಳು ಉಳಿದ ಲೆಕ್ಕ. ಸಿಂಧನೂರಿನ ರೈತ ಹೊಲಕ್ಕೆ ಹಾಕಿದ ಬೀಜ ಇಷ್ಟೇ ಮೊಳೆತಿದ್ದರೆ ಬೀಜದ ಅಂಗಡಿ ಮುಂದೆ ಧರಣಿ ಕೂಡುತ್ತಿದ್ದ. ಇಷ್ಟಾದರೂ 2025ರ ಬಜೆಟ್ಟಿನಲ್ಲಿ ಮುಂದಿನ ಹತ್ತು ವರ್ಷಕ್ಕೆ ಇನ್ನೂ 120 ಊರುಗಳಿಗೆ ಉಡಾನ್ ವಿಸ್ತರಿಸುವ ಘೋಷಣೆಯಾಗಿದೆ. ಘೋಷಣೆಗೇನು ಎಣ್ಣೆ ಬೇಕೆ!

ಕಂಪನಿಗಳನ್ನೇ ಬೈದರೆ ಆಗುವುದಿಲ್ಲ. ವಿಮಾನಯಾನ ಕೈ ಸುಡುವ ಧಂದೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಅಗ್ಗದ ಟಿಕೇಟಿನಲ್ಲಿ ಹುಬ್ಬಳ್ಳಿಗೆ ವಿಮಾನ ತಂದಾಗ ಜನ ಕೊಂಡಾಡಿದರು. ಅದನ್ನು ಕಿಂಗ್‌ಫಿಷರ್ ನುಂಗಿತು. ಕಿಂಗ್‌ಫಿಷರ್ 2012ರಲ್ಲಿ, ನಿಲ್ದಾಣಗಳಿಗೂ ಬ್ಯಾಂಕುಗಳಿಗೂ ಬಾಕಿ ಇಟ್ಟು ಮುಳುಗಿತು. 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್. ಉಳಿದವರಲ್ಲಿ ಇಂಡಿಗೋ ಒಂದೇ ದೇಶದೊಳಗಿನ ಹತ್ತು ಪ್ರಯಾಣಿಕರಲ್ಲಿ ಆರಕ್ಕೂ ಹೆಚ್ಚು ಮಂದಿಯನ್ನು ಹೊರುತ್ತದೆ. 2025ರ ಡಿಸೆಂಬರಿನಲ್ಲಿ ಅದರ ಸಾವಿರಾರು ಹಾರಾಟಗಳು ರದ್ದಾದಾಗ ಉಳಿದ ಕಂಪನಿಗಳ ಟಿಕೇಟು ಗಗನಕ್ಕೇರಿ, ಕೇಂದ್ರ ಸರಕಾರ ತಾತ್ಕಾಲಿಕವಾಗಿ ದರಕ್ಕೆ ಮಿತಿ ಹಾಕಬೇಕಾಯಿತು. ಅಂಥ ಕಂಪನಿಯ ಎದುರು ಕೂತು ಚೌಕಾಶಿ ಮಾಡಲು ರಾಯಚೂರಿನ ಕೈಲಿ ಏನಿದೆ?

ಬೆಲ್ಜಿಯಂ ದೇಶದ ಶಾರ್ಲರ್ವಾ ಎಂಬ ಊರಿಗೂ ಇದೇ ಪ್ರಶ್ನೆ ಬಂದಿತ್ತು. ಕಲ್ಲಿದ್ದಲು, ಉಕ್ಕಿನ ಕೆಲಸ ಇಳಿಮುಖವಾಗಿದ್ದ ಊರು. ಶಾಖೋತ್ಪನ್ನ ಕೇಂದ್ರದ ಬೂದಿಯಲ್ಲಿ ಬದುಕುವ ರಾಯಚೂರಿನವರಿಗೆ ಅರ್ಥವಾದೀತು. ಅಲ್ಲಿಯ ನಿಲ್ದಾಣ ಸರಕಾರಿ ಸ್ವಾಮ್ಯದ್ದು. ರಯಾನ್‌ಏರ್ ಎಂಬ ಅಗ್ಗದ ಕಂಪನಿಯನ್ನು ಕರೆಯಲು ಇಳಿಯುವ ಶುಲ್ಕದಲ್ಲಿ ರಿಯಾಯತಿ ಕೊಟ್ಟರು, ಪ್ರಚಾರದ ಖರ್ಚಿಗೂ ರೊಕ್ಕ ಕೊಟ್ಟರು. ಯುರೋಪಿನ ಆಯೋಗ 2004ರಲ್ಲಿ, ಇದರಲ್ಲಿ ಕೆಲವು ಭಾಗ ಅಕ್ರಮ ಸಹಾಯಧನ, ವಾಪಸ್ ಕಟ್ಟಿಸಿಕೊಳ್ಳಿ ಎಂದಿತು. 2008ರಲ್ಲಿ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು: ಒಬ್ಬ ಖಾಸಗಿ ವ್ಯಾಪಾರಿ ಇದೇ ಕರಾರು ಮಾಡುತ್ತಿದ್ದನೋ ಇಲ್ಲವೋ ಎಂಬುದನ್ನು ಆಯೋಗ ಸರಿಯಾಗಿ ಪರೀಕ್ಷಿಸಿಲ್ಲ ಎಂಬುದು ಅದರ ತಕರಾರು. ಗೆದ್ದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿ ಕರಾರಿನ ಸಾಲುಸಾಲೂ ಬಹಿರಂಗವಾಗಿ ಚರ್ಚೆಯಾಯಿತು. "ವ್ಯಾಪಾರಸ್ಥ ಆಗಿದ್ದರೆ ಈ ಕರಾರು ಮಾಡ್ತಿದ್ದನಾ?" ಎಂಬ ಕೋರ್ಟಿನ ಪ್ರಶ್ನೆ ಸಿಂಧನೂರಿನ ಯಾವ ಕಿರಾಣಿ ಅಂಗಡಿಯವನಿಗೂ ಅರ್ಥವಾಗುವಂಥದು.

ಮೂರು ತಾಲೂಕಿನ ಲೆಕ್ಕ

ಈಗ ಊರಿನ ಮಾತು. ಯರಮರಸ್ ಇರುವುದು ರಾಯಚೂರಿನ ಹೈದರಾಬಾದ್ ದಿಕ್ಕಿಗೆ. ಸಿಂಧನೂರಿನವರು ಮಾನ್ವಿ ಹಾದು, ಲಿಂಗಸುಗೂರಿನವರು ಕಲ್ಮಲಾ ಹಾದು ರಾಯಚೂರು ನಗರ ಮುಟ್ಟಿ, ಅದನ್ನು ದಾಟಿ ಹೋಗಬೇಕು. ಹೆಚ್ಚುಕಡಿಮೆ ನೂರು ಕಿಲೋಮೀಟರ್. ರಸ್ತೆ ಚೆನ್ನಾಗಿದ್ದರೆ ಎರಡೂವರೆ ತಾಸು. ರಸ್ತೆಯ ಯೋಗ್ಯತೆ ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ವಿಮಾನಕ್ಕೆ ಒಂದು ತಾಸು ಮುಂಚೆ ಹೋಗಬೇಕು, ಹಾರಾಟ ಒಂದು ತಾಸು ಮೀರುತ್ತದೆ, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಮತ್ತೆ ಒಂದೂವರೆ ತಾಸು. ಆರು ತಾಸು ಹಗಲು ಹೋಯಿತು. ರಾತ್ರಿ ಬಸ್ಸಿನಲ್ಲಿ ಮಲಗಿದವನು ಹಗಲು ಉಳಿಸಿಕೊಂಡು ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾನೆ. 2024ರಲ್ಲಿ ಸಿಂಧನೂರಿಗೆ ರೈಲೂ ಬಂದಿದೆ. ಸಿಂಧನೂರಿನಿಂದ ತೋರಣಗಲ್ಲೂ ಹೆಚ್ಚುಕಡಿಮೆ ಅಷ್ಟೇ ದೂರ, ಲಿಂಗಸುಗೂರಿನ ಕೆಲವರಿಗೆ ಕಲಬುರಗಿಯ ಸಂಬಂಧವೂ ಇದೆ. ಹಾಗಾಗಿ ಈ ಮೂರು ತಾಲೂಕಿನ ಪ್ರಯಾಣಿಕ ಯರಮರಸಿಗೆ ಖಾಯಂ ಗಿರಾಕಿ ಎಂದು ಯಾರೂ ಬರೆದುಕೊಡಲಾರರು.

ಹಾಗಂತ ಗಿರಾಕಿ ಇಲ್ಲವೆಂದಲ್ಲ. ಹಟ್ಟಿ ಗಣಿಯ ಅಧಿಕಾರಿಗಳು, ಶಕ್ತಿನಗರ, ಯರಮರಸಿನ ಶಾಖೋತ್ಪನ್ನ ಕೇಂದ್ರಗಳ ಎಂಜಿನಿಯರುಗಳು, ಅಕ್ಕಿ, ಹತ್ತಿ ವ್ಯಾಪಾರದವರು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿರುವ ಮಕ್ಕಳು, ಆಸ್ಪತ್ರೆಗೆ ಓಡುವ ರೋಗಿಗಳು. ರೋಗಿಯ ಮನೆಯವರಿಗೆ ತಾಸು ಉಳಿದದ್ದು ಜೀವ ಉಳಿದಂತೆ. ಆ ಒಂದು ಕಾರಣಕ್ಕೇ ನಿಲ್ದಾಣ ಬೇಡ ಎಂದು ಸುಲಭಕ್ಕೆ ಹೇಳುವಂತಿಲ್ಲ. ಇಷ್ಟು ಗಿರಾಕಿ ವಾರಕ್ಕೆ ಎಷ್ಟು ವಿಮಾನ ತುಂಬಿಸಿಯಾರು, ಮೂರೋ ಏಳೋ, ಎಂಬುದನ್ನು ಯಾರಾದರೂ ಕೂತು ಎಣಿಸಿ, ಎಣಿಸಿದ್ದನ್ನು ಜನರ ಮುಂದೆ ಇಡಬೇಕು. ಬೇಡಿಕೆಯ ಸಮೀಕ್ಷೆ ಎಂದರೆ ಕಡತದಲ್ಲಿ ಇಡುವ ವಸ್ತು ಎಂದು ಅಧಿಕಾರಿಗಳು ತಿಳಿದಂತಿದೆ.

ಅಂಗಡಿ ಇಟ್ಟವರು ಇನ್ನೂ ಒಂದು ವಿಷಯ ಗಮನಿಸಬೇಕು. ನಿಲ್ದಾಣ ತೆರೆದಾಗ ಟರ್ಮಿನಲ್ಲಿನೊಳಗೆ ಚಹಾ, ತಿಂಡಿ, ಪುಸ್ತಕದ ಮಳಿಗೆ, ಹೊರಗೆ ಕಾರು ನಿಲ್ದಾಣಕ್ಕೆ ಟೆಂಡರ್ ಕರೆಯುತ್ತಾರೆ. ಇಂಥ ಟೆಂಡರಿನ ಸಾಮಾನ್ಯ ಶರತ್ತು ಏನೆಂದರೆ, ವ್ಯಾಪಾರದಲ್ಲಿ ಇಷ್ಟು ಪಾಲು ಇಲ್ಲವೇ ತಿಂಗಳಿಗೆ ಇಷ್ಟು ಖಾತರಿ ಬಾಡಿಗೆ, ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ವಿಮಾನ ಬಂದರೆ ಸರಿ. ಬೀದರಿನಂತೆ ವರ್ಷಗಟ್ಟಲೆ ನಿಂತರೆ? ಇಡ್ಲಿ ತಿನ್ನುವವರಿಲ್ಲದ ಹೋಟೆಲಿನಲ್ಲಿ ಖಾತರಿ ಬಾಡಿಗೆಯ ನೋಟೀಸು ಮಾತ್ರ ಬರುತ್ತಿರುತ್ತದೆ. ಹಾರಾಟ ನಿಂತರೆ ಬಾಡಿಗೆಯೂ ನಿಲ್ಲಬೇಕು, ವಾರದ ಹಾರಾಟ ಇಳಿದರೆ ಬಾಡಿಗೆಯೂ ಇಳಿಯಬೇಕು ಎಂಬ ಒಂದು ಸಾಲು ಕರಾರಿನಲ್ಲಿ ಇದೆಯೋ ಇಲ್ಲವೋ ನೋಡದೆ ರಾಯಚೂರಿನವರಾಗಲಿ ಸಿಂಧನೂರಿನವರಾಗಲಿ ಠೇವಣಿ ಕಟ್ಟಬಾರದು. ಟೆಂಡರಿನ ದಿನ ಪೈಪೋಟಿಯ ಹುಮ್ಮಸ್ಸಿನಲ್ಲಿ ಬಾಡಿಗೆ ಏರಿಸಿ ಆಮೇಲೆ ತಲೆ ಮೇಲೆ ಕೈ ಹೊತ್ತವರನ್ನು ಬಸ್‌ಸ್ಟ್ಯಾಂಡುಗಳಲ್ಲಿ ಸಾಕಷ್ಟು ನೋಡಿದ್ದಾಗಿದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನಷ್ಟ ತುಂಬುವ ರೊಕ್ಕದ್ದು. ಉಡಾನ್ ಸಿಕ್ಕರೆ ಮೂರು ವರ್ಷ ಕೇಂದ್ರ ನೋಡಿಕೊಂಡೀತು. ನಾಲ್ಕನೇ ವರ್ಷ ಕಂಪನಿ "ನಮಗೆ ಗಿಟ್ಟುವುದಿಲ್ಲ" ಎಂದಾಗ ಬೀದರಿನಂತೆ ರಾಜ್ಯದ ಬಾಗಿಲಿಗೆ ಬರುತ್ತಾರೆ. ರಾಜ್ಯದ ಕಣ್ಣು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೇಲೆ ಬೀಳದೆ ಇರುವುದಿಲ್ಲ. ಸಂವಿಧಾನದ 371(ಜೆ) ಕಲಮಿನ ಹೆಸರಿನಲ್ಲಿ ಬರುವ ಆ ರೊಕ್ಕದಲ್ಲಿ ಮಸ್ಕಿಯ ಶಾಲೆಯ ಕೋಣೆ, ಲಿಂಗಸುಗೂರಿನ ಹಳ್ಳಿ ರಸ್ತೆ, ಸಿಂಧನೂರಿನ ಆಸ್ಪತ್ರೆಯ ಹಾಸಿಗೆ ಎಲ್ಲದರ ಪಾಲಿದೆ. ವಿಮಾನಕ್ಕೆ ಕೊಡಲೇಬಾರದು ಎಂದಲ್ಲ. ಕೊಡುವುದಾದರೆ ಎಷ್ಟು, ಎಷ್ಟು ವರ್ಷ, ಪ್ರತಿಯಾಗಿ ಕಂಪನಿ ವಾರಕ್ಕೆ ಎಷ್ಟು ಹಾರಾಟ ಬರೆದುಕೊಡುತ್ತದೆ, ತಪ್ಪಿಸಿದರೆ ದಂಡ ಎಷ್ಟು, ಇವನ್ನು ಮೊದಲು ಹೇಳಬೇಕು. ಮೂರೂ ಕ್ಷೇತ್ರಗಳ ಶಾಸಕರು ಈ ನಾಲ್ಕು ಅಂಕಿ ತಂದು ಕೊಟ್ಟರೆ ಉದ್ಘಾಟನೆಯ ಹಾರ ತುರಾಯಿಗಿಂತ ಹೆಚ್ಚಿನ ಕೆಲಸ ಮಾಡಿದಂತಾಗುತ್ತದೆ.

ಬಸ್ಸಿನ ಮಾತೂ ಅದೇ ಪಟ್ಟಿಗೆ ಸೇರಬೇಕು. ಸಿಂಧನೂರು, ಲಿಂಗಸುಗೂರಿನಿಂದ ವಿಮಾನದ ವೇಳೆಗೆ ಹೊಂದಿಸಿ ಯರಮರಸಿನ ಬಾಗಿಲ ತನಕ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಬಿಡದಿದ್ದರೆ, ಕಾರಿನ ಬಾಡಿಗೆಯೇ ವಿಮಾನದ ಟಿಕೇಟಿನ ಮಟ್ಟಕ್ಕೆ ಹೋಗಿ, ತುಂಬಬೇಕಾದ ಸೀಟು ಖಾಲಿ ಹಾರುತ್ತದೆ. ನಿಲ್ದಾಣದ ಯೋಜನೆ ಬರೆಯುವವರು ಸಾರಿಗೆ ನಿಗಮದ ರಾಯಚೂರು ವಿಭಾಗದವರನ್ನು ಒಂದು ಸಲ ಕರೆದು ಮಾತಾಡಿಸಲಿ. ಮಸ್ಕಿಯಿಂದ ಮುಂಜಾನೆ ಎಷ್ಟು ಗಂಟೆಗೆ ಬಸ್ಸು ಬಿಟ್ಟರೆ ವಿಮಾನ ಸಿಗುತ್ತದೆ ಎಂಬುದನ್ನು ಒಬ್ಬ ಕಂಡಕ್ಟರ್ ಐದು ನಿಮಿಷದಲ್ಲಿ ಹೇಳಬಲ್ಲ.